ಜೀವ್ಸ್‌ನನ್ನು ಅವಸರಪಡಿಸಬೇಡಿ

ಇಂಗ್ಲಿಷ್ ಹಾಸ್ಯ ಲೇಖಕ ವುಡ್‌ಹೌಸ್ ಅವರ ಆಡಿಯೊಬುಕ್‌ಗಳನ್ನು 1.5 ಪಟ್ಟು ವೇಗದಲ್ಲಿ ಕೇಳಿದರೂ ನಷ್ಟವಿಲ್ಲ, ಹೊತ್ತು ಉಳಿಯುತ್ತದೆ ಅಂದಿದ್ದೀರಿ. ಸ್ವಾಮಿ, ನಗು ಇರುವುದೇ ಆ ಹೊತ್ತಿನಲ್ಲಿ! ಯಜಮಾನ ಬರ್ಟಿ ಒಂದೇ ಉಸಿರಿಗೆ ಅರ್ಧ ಪುಟ ಬಡಬಡಿಸುತ್ತಾನೆ, ಅವನ ಸೇವಕ ಜೀವ್ಸ್ ಅರೆಗಳಿಗೆ ಸುಮ್ಮನಿದ್ದು ‘ಹೌದು, ಸರ್’ ಅನ್ನುತ್ತಾನೆ. ಆಡಿಯೊಬುಕ್‌ನಲ್ಲಿ ನಟ ಜೊನಾಥನ್ ಸೆಸಿಲ್ ಓದುವಾಗ ಆ ಅರೆಗಳಿಗೆಯಲ್ಲೇ ಯಜಮಾನನ ಮಾನ ಹರಾಜಾಗಿರುತ್ತದೆ. ಅದನ್ನು ಓಡಿಸಿದರೆ ಇಬ್ಬರೂ ರೈಲು ತಪ್ಪೀತೆಂದು ಗಾಬರಿಯಾದವರಂತೆ ಕೇಳಿಸುತ್ತಾರೆ.

‘ರೈಟ್ ಹೋ, ಜೀವ್ಸ್’ (1934) ಕಾದಂಬರಿಯ ಶಾಲಾ ಬಹುಮಾನ ವಿತರಣೆಯನ್ನೇ ನೋಡಿ. ಕಿತ್ತಳೆ ರಸ ಬಿಟ್ಟು ಬೇರೇನೂ ಕುಡಿಯದ ಬರ್ಟಿಯ ಗೆಳೆಯ ಗಸ್ಸಿ ಅಂದು ಚೆನ್ನಾಗಿ ಏರಿಸಿಕೊಂಡು ವೇದಿಕೆ ಹತ್ತಿದ್ದಾನೆ. ಮತ್ತೇರಿದವನ ನಾಲಿಗೆ ತೇಲಬೇಕು, ಓಡಬಾರದು. ಹುರುಳಿಕಾಯಿ ನಾರು ಬಿಡಿಸುತ್ತಾ ಕೇಳುತ್ತಿದ್ದ ನಾನು ನಕ್ಕೂ ನಕ್ಕೂ ನಾರನ್ನು ಬಾಣಲೆಗೆ, ಕಾಯನ್ನು ಕಸಕ್ಕೆ ಹಾಕಿದ್ದೆ.

ಕಿವಿಗೆ ದಕ್ಕದ್ದು ಒಂದಿದೆ, ಅದನ್ನು ನೀವು ಹೇಳಲೇ ಇಲ್ಲ. ಸ್ಮಿತ್ ಎಂಬ ಮಾಮೂಲಿ ಹೆಸರಿನ ಮುಂದೆ ಉಚ್ಚಾರವಿಲ್ಲದ ‘ಪಿ’ ಅಂಟಿಸಿಕೊಂಡು (Psmith) ಮೆರೆಯುವ ವುಡ್‌ಹೌಸ್ ಅವರ ಇನ್ನೊಬ್ಬ ನಾಯಕನ ತಮಾಷೆ ಪುಟದ ಮೇಲೆ ಮಾತ್ರ ಕಾಣುತ್ತದೆ. (ಬರೆದಂತೆ ಓದುವ ನಮಗೆ ‘ಪ್ಸ್ಮಿತ್’ ಅಂದರೆ ಯಾರೋ ಸೀನಿದ ಹಾಗೆ!)