ಗುಟ್ಟಿನ ರನ್‌ವೇ

ನಮ್ಮ ಸೋದರಮಾವ ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿ ಬೆಂಗಳೂರಿನಿಂದ ಗೋವಾದ ವಾಸ್ಕೋಗೆ ಬಂದರು. ಇಳಿಯುವ ಹೊತ್ತಿಗೆ ಗಗನಸಖಿಯ ಪ್ರಕಟಣೆ: ಇದು ರಕ್ಷಣಾ ಪಡೆಯ ನಿಲ್ದಾಣ, ಫೋಟೋ ತೆಗೆಯುವಂತಿಲ್ಲ. ಮಾವ ಮೊಬೈಲನ್ನು ಕರವಸ್ತ್ರದಲ್ಲಿ ಸುತ್ತಿ, ಕಡಕ್ ರೊಟ್ಟಿಯ ಚೀಲದ ತಳಕ್ಕೆ ತುರುಕಿ, ಕಿಟಕಿಯ ಕಡೆಗೂ ನೋಡದೆ ಕಣ್ಣು ಮುಚ್ಚಿಕೊಂಡೇ ಇಳಿದರಂತೆ. ಮನೆಗೆ ಬಂದ ಮೇಲೂ ದನಿ ತಗ್ಗಿಸಿ ಕೇಳಿದರು: "ಅಲ್ಲಿ ಅಂಥದ್ದೇನಿದೆಯೋ?"

ನಾನೂ ಬಾಗಿಲು ಹಾಕಿಕೊಂಡೇ ಹೇಳಿದೆ. ದಾಬೋಲಿಂ ನಿಲ್ದಾಣ ಕಟ್ಟಿದವರು ಪೋರ್ಚುಗೀಸರು, 1950ರ ದಶಕದಲ್ಲಿ. ಯಾರ ಕೈಯಿಂದ ಕಿತ್ತುಕೊಂಡೆವೋ ಅವರಿಗೇ ಅದರ ಮೂಲೆಮೂಲೆಯೂ ಗೊತ್ತು. ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ, 1961ರ ಡಿಸೆಂಬರ್ 18ರಂದು, ಪುಣೆಯಿಂದ ಹಾರಿಬಂದ ನಮ್ಮ 12 ಕ್ಯಾನ್‌ಬೆರಾ ವಿಮಾನಗಳು ರನ್‌ವೇ ಮೇಲೆ ಬಾಂಬು ಸುರಿದವು. ಟರ್ಮಿನಲ್ ಕಟ್ಟಡವನ್ನೂ ಪಕ್ಕದಲ್ಲಿ ನಿಂತಿದ್ದ ಎರಡು ನಾಗರಿಕ ವಿಮಾನಗಳನ್ನೂ ಮುಟ್ಟಲಿಲ್ಲ. ಹೇಗೂ ನಾಳೆ ನಮ್ಮವೇ ಆಗುತ್ತವಲ್ಲ! ಆದರೆ ಅವೆರಡೂ ನಾಳೆಗೆ ಕಾಯಲಿಲ್ಲ. ಕತ್ತಲಾದ ಮೇಲೆ, ಹೊಂಡ ಬಿದ್ದ ಅದೇ ರನ್‌ವೇಯಲ್ಲಿ ಓಡಿ, ಕರಾಚಿಯತ್ತ ಹಾರಿಹೋದವು. ಹೀಗಾಗಿ ಈ ರನ್‌ವೇಯ ಯಾವ ಗಜದಲ್ಲಿ ಯಾವ ಹೊಂಡ ಎಂಬ ಪಕ್ಕಾ ಮಾಹಿತಿ ಪಾಕಿಸ್ತಾನಕ್ಕೆ ತಲುಪಿ ಅರವತ್ತು ವರ್ಷ ದಾಟಿದೆ. ತಲುಪದೆ ಉಳಿದವರು ನಮ್ಮ ಮಾವ ಒಬ್ಬರೇ.

ಆಮೇಲೆ ಜಾಗ ನೌಕಾಪಡೆಯ ಕೈಸೇರಿತು. 1964ರಲ್ಲಿ ಅದರ ವಾಯುನೆಲೆ ಐಎನ್‌ಎಸ್ ಹಂಸ ಕೊಯಮತ್ತೂರಿನ ಕಡೆಯಿಂದ ಇಲ್ಲಿಗೆ ಬಂದು ಬೀಡುಬಿಟ್ಟಿತು. ಹಂಸ ಇಳಿದ ಕೊಳದಲ್ಲಿ ನಾವು ಪ್ರಯಾಣಿಕರು ಇಂದಿಗೂ ಬಾಡಿಗೆಯ ಬಾತುಕೋಳಿಗಳು.

ಮರುದಿನ ಬೋಗ್ಮಾಲೋದ ನೌಕಾ ವಾಯುಯಾನ ವಸ್ತುಸಂಗ್ರಹಾಲಯಕ್ಕೆ ಹೊರಟೆವು. ದಾರಿ ಹುಡುಕಲು ಮಾವ ಗೂಗಲ್ ನಕ್ಷೆ ತೆರೆದರು. ಉಪಗ್ರಹದ ಚಿತ್ರ ಒತ್ತಿದ್ದೇ ತಡ, ಇಡೀ ರನ್‌ವೇ, ಸಾಲು ಶೆಡ್ಡುಗಳು, ತಿರುವಿನ ಬಿಳಿ ಗೆರೆಯ ಸಮೇತ ಅಂಗೈಗೆ ಬಂತು. ಮಾವ ಬೆಚ್ಚಿ ಮೊಬೈಲನ್ನು ಬೋರಲು ಹಾಕಿ, "ಇದನ್ನು ನಾನು ತೆಗೆದದ್ದಲ್ಲಪ್ಪಾ" ಎಂದರು. ರಿಕ್ಷಾದಲ್ಲಿ ಇದ್ದವರು ನಾವಿಬ್ಬರೇ.

ಸಂಗ್ರಹಾಲಯದಲ್ಲಿ ಬೇರೆಯೇ ಕಾನೂನು. ಸೀ ಹ್ಯಾರಿಯರ್ ಯುದ್ಧವಿಮಾನದ ಮೂತಿ ಹಿಡಿದು ಫೋಟೋ, ಅಲಿಝೆ ವಿಮಾನದ ರೆಕ್ಕೆಯಡಿ ನೆರಳಲ್ಲಿ ರೊಟ್ಟಿ ತಿನ್ನುತ್ತ ಫೋಟೋ. ಮೂಲೆಯಲ್ಲೊಂದು ಸೂಪರ್ ಕಾನ್‌ಸ್ಟೆಲ್ಲೇಶನ್ ವಿಮಾನ ನಿಂತಿದೆ. ಅಂದು ಕಣ್ಣು ತಪ್ಪಿಸಿ ಓಡಿಹೋದ ಎರಡರಲ್ಲಿ ಒಂದು ಇದೇ ಜಾತಿಯದು. "ಇದು ಓಡಿಹೋಗುವುದಿಲ್ಲ ತಾನೇ?" ಎಂದು ಕೇಳಿ, ಮಾವ ಅದರ ಮುಂದೆಯೂ ನಿಂತು ಹಲ್ಲು ಬಿಟ್ಟರು.

ವಾಪಸು ಹೋಗುವಾಗ ಹಟ ಹಿಡಿದರು: ಗೋವಾದ ಇನ್ನೊಂದು ವಿಮಾನ ನಿಲ್ದಾಣ ಮೋಪಾದಿಂದಲೇ ಟಿಕೆಟ್ ತೆಗೆಸು, ಅಲ್ಲಿ ಸೈನ್ಯವಿಲ್ಲ, ಕಿಟಕಿಯಾಚೆ ಧಾರಾಳವಾಗಿ ನೋಡಬಹುದು. ಮನೆಯ ಹಿಂದೆಯೇ ವಿಮಾನ ಹಾರುತ್ತಿರುವಾಗ ಜುವಾರಿ ದಾಟಿ, ಮಾಂಡೋವಿ ದಾಟಿ, ಬಸ್ಸು ಬದಲಿಸಿ ಗೋವಾದ ಇನ್ನೊಂದು ತುದಿಗೆ ಹೋದೆವು. ಸಂಜೆ ಮಾವನಿಂದ ಫೋಟೋ ಬಂತು. ಅರ್ಧ ರೆಕ್ಕೆ, ಒಂದು ಖಾಲಿ ಬಸ್ಸು, ಉಳಿದದ್ದೆಲ್ಲ ಕಾಂಕ್ರೀಟು.