ಧಮ್ ಹೊಡೆದ್ರೆ ಓದಿದ್ದು ತಲೆಗೆ ಹತ್ತುತ್ತಾ?

ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್ ಕಡೆ ಕೆಎಎಸ್ಸು, ಪಿಎಸ್‌ಐ ಅಂತ ಓದೋಕೆ ಬಂದಿರೋ ಹುಡುಗ್ರನ್ನ ದಿನಾ ನೋಡ್ತೀನಿ. "ಅಣ್ಣ, ಒಂದು ಧಮ್ ಹೊಡೀದಿದ್ರೆ ಓದಿದ್ದು ತಲೆಗೇ ಹತ್ತಲ್ಲ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೈಯೋಕಂತೂ ಅಲ್ಲ.

ಅವರು ಹೇಳೋದು ಪೂರ್ತಿ ಸುಳ್ಳಲ್ಲ. ಗಮನ ಕೊಡೋಕೆ, ಹೊಸದು ಕಲಿಯೋಕೆ ಮೆದುಳು ಅಸಿಟೈಲ್‌ಕೋಲಿನ್ ಅನ್ನೋ ಕೆಮಿಕಲ್ ಬಳಸತ್ತೆ, ಅದು ಹೋಗಿ ಕೂರೋ ರಿಸೆಪ್ಟರ್‌ಗಳು ನೆನಪಿನ ಜಾಗ ಹಿಪೊಕ್ಯಾಂಪಸ್‌ನಲ್ಲೂ ಇವೆ, ಹೊಗೆ ಎಳೆದ 10-20 ಸೆಕೆಂಡಲ್ಲಿ ನಿಕೋಟಿನ್ ಅವುಗಳ ಮೇಲೇ ಹೋಗಿ ಕೂತಿರತ್ತೆ. 2012ರಲ್ಲಿ ಅಮೆರಿಕದ ಒಂದು ಚಿಕ್ಕ ಅಧ್ಯಯನ ಬಂತು, ಮರೆವು ಶುರುವಾಗಿದ್ದ, ಸಿಗರೇಟ್ ಸೇದದ ವಯಸ್ಸಾದವರಿಗೆ 6 ತಿಂಗಳು ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪ್ಯಾಚ್ ಹಾಕಿ ನೋಡಿದ್ರು, ಗಮನ ಸ್ವಲ್ಪ ಸುಧಾರಿಸಿತ್ತು. ಆದ್ರೆ ಅದು ಡಾಕ್ಟ್ರು ಅಳತೆ ಮಾಡಿ ಕೊಟ್ಟ ಪ್ಯಾಚು ಕಣ್ರಪ್ಪ, ಬೇಕರಿ ಮುಂದೆ ಸೇದೋ ಕಿಂಗ್ ಸಿಗರೇಟ್ ಅಲ್ಲ.

ದಿನಾ ಸೇದೋರ ಕಥೆ ಬೇರೆ. ನಿಕೋಟಿನ್ ಬಂದು ಬಂದು ಆ ರಿಸೆಪ್ಟರ್‌ಗಳು ಮಂಕಾಗ್ತವೆ, ಮೆದುಳು ಅವುಗಳ ಸಂಖ್ಯೆ ಜಾಸ್ತಿ ಮಾಡ್ಕೊಳ್ಳತ್ತೆ. ರಕ್ತದಲ್ಲಿರೋ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧ ಆಗತ್ತೆ, ಆಗ ಚಡಪಡಿಕೆ, ಓದಿದ ಪ್ಯಾರಾನೇ ಮತ್ತೆ ಮತ್ತೆ ಓದೋದು, ಸಿಟ್ಟು. ಇನ್ನೊಂದು ಹಚ್ಚಿದ ತಕ್ಷಣ ಎಲ್ಲಾ ಸರಿಹೋಯ್ತು ಅನ್ಸತ್ತೆ. ತಲೆ ಚುರುಕಾಗಿದ್ದಲ್ಲ ಗುರು, ಸೇದದೇ ಇರೋನು ಪುಕ್ಸಟ್ಟೆ ಇರೋ ಲೆವೆಲ್ಲಿಗೆ ನೀನು ದುಡ್ಡು ಕೊಟ್ಟು ವಾಪಸ್ ಬಂದೆ ಅಷ್ಟೇ.

ನನಗೆ ಇದಕ್ಕಿಂತ ತಮಾಷೆ ಅನ್ಸೋದು ಇನ್ನೊಂದಿದೆ. ಕೋಚಿಂಗ್ ಸೆಂಟರ್ ಹತ್ರದ ಬೇಕರಿ ಕಂಬಕ್ಕೆ ದಾರ ಕಟ್ಟಿ ಲೈಟರ್ ನೇತು ಹಾಕಿರ್ತಾರೆ, ಬೈಟು ಟೀ ಕೈಗೆ ಬರೋಕೆ ಮುಂಚೇನೇ ಇನ್ನೊಂದು ಕೈ ದಾರ ಎಳೀತಿರತ್ತೆ, ಕಣ್ಣು ಮಾತ್ರ ಮೊಬೈಲಲ್ಲಿ. ಯಾರು ಕಲಿಸಿದ್ರು? ನಿಕೋಟಿನ್ ಮೆದುಳಲ್ಲಿ ಡೋಪಮಿನ್ ಅನ್ನೋ, 'ಇದು ಮತ್ತೆ ಬೇಕು' ಅನ್ಸೋ ಕೆಮಿಕಲ್ ಏರಿಸಿದಾಗ ಸುತ್ತಮುತ್ತ ಇದ್ದದ್ದೆಲ್ಲ, ಟೀ ವಾಸನೆ, ಆ ಕಂಬ, ಆ ಗೆಳೆಯ, ಎಲ್ಲಾ ಜೊತೇಲೇ ಅಚ್ಚಾಗಿಬಿಡತ್ತೆ. ಓದಿದ ಸಂವಿಧಾನದ ಆರ್ಟಿಕಲ್ 32 ನಾಳೆಗೆ ಮರೆತೋಗತ್ತೆ, ಟೀ ಜೊತೆಗಿನ ಸಿಗರೇಟು ಮಾತ್ರ, ಬಿಟ್ಟು ವರ್ಷ ಆದ್ರೂ ನೆನಪಾಗತ್ತೆ.

ಪಿಯುಸಿ ಹುಡುಗ್ರಿಗೆ ಇನ್ನೂ ಕೆಟ್ಟದ್ದು, ಯೋಚಿಸಿ ನಿರ್ಧಾರ ಮಾಡೋ ಮುಂಭಾಗದ ಮೆದುಳು ಸುಮಾರು 25ರವರೆಗೂ ಬೆಳೀತಾನೇ ಇರತ್ತೆ. ಹರೆಯದ ಇಲಿಗಳಿಗೆ ನಿಕೋಟಿನ್ ಕೊಟ್ಟು ನಿಲ್ಲಿಸಿದ ಮೇಲೂ, ದೊಡ್ಡವಾದಾಗ ಅವುಗಳ ಗಮನದ ಶಕ್ತಿ ಕಮ್ಮಿ ಇತ್ತು. ವೇಪ್ (ಇ-ಸಿಗರೇಟ್) ಅಂದ್ರೂ ಅದೇ ನಿಕೋಟಿನ್ನು, 2019ರಿಂದ ದೇಶದಲ್ಲಿ ಬ್ಯಾನ್ ಬೇರೆ. ರಾಜ್ಯದಲ್ಲಿ ಈಗ 21 ತುಂಬದವ್ರಿಗೆ ಸಿಗರೇಟ್ ಮಾರಂಗಿಲ್ಲ ಅಂತ ಕಾನೂನಿದೆ, ಯಾವ ಅಂಗಡಿಯವನು ವಯಸ್ಸು ಕೇಳ್ತಾನೆ ನೀವೇ ಹೇಳಿ.

ಇನ್ನು ರಾತ್ರಿ 11ಕ್ಕೆ ನಿದ್ದೆ ಓಡಿಸೋಕೆ ಅಂತ ಸೇದ್ತಾರಲ್ಲ, ಓದಿದ್ದು ಗಟ್ಟಿಯಾಗಿ ಕೂರೋದೇ ನಿದ್ದೇಲಿ.

ಬಿಡೋರು ದಯವಿಟ್ಟು ಪ್ರಿಲಿಮ್ಸ್ ಹಿಂದಿನ ದಿನ ಬಿಡೋಕೆ ಹೋಗ್ಬೇಡಿ. ಮೊದಲ ಎರಡು ಮೂರು ದಿನಾನೇ ತಲೆ ನಿಲ್ಲಲ್ಲ, ಹಿಡಿತಕ್ಕೆ ಬರೋಕೆ ಎರಡರಿಂದ ನಾಲ್ಕು ವಾರ ಬೇಕು, ಹಂಗಾಗಿ ಎಕ್ಸಾಮಿಗೆ ಒಂದೆರಡು ತಿಂಗಳು ಇರುವಾಗ್ಲೇ ಶುರು ಮಾಡಿ. ತಂಬಾಕು ಬಿಡೋಕೆ ಸಹಾಯ ಮಾಡೋ ಸರ್ಕಾರಿ ಸಹಾಯವಾಣಿ 1800-11-2356ಗೆ ಫೋನ್ ಮಾಡಿದ್ರೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.