ಮೆಕ್ಯಾನಿಕ್ ಮೈಮೇಲೆ ಬಂದಾಗ

ಚಳಿ ಶುರುವಾದರೆ ಸಾಕು, ನಮ್ಮ ಯಜಮಾನರ ಮೈಮೇಲೆ ಮೆಕ್ಯಾನಿಕ್ ಬರುತ್ತಾನೆ. ತೋಟದ ಪಂಪಿನ ನೀರು ಬಸಿದು, ಬಿಚ್ಚಿ ಒಳಗಿಡಲು ಅರ್ಧ ಗಂಟೆ ಸಾಕು ಅನ್ನುವುದು ಅವರ ಲೆಕ್ಕ. ಆ ಅರ್ಧ ಗಂಟೆ ಸ್ಪ್ಯಾನರ್ ಹುಡುಕುವುದಕ್ಕೇ ಆಗುತ್ತದೆ.

ಕೆಲಸ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ನಮ್ಮ ಪಂಪಿನ ಹೊಟ್ಟೆ ಎರಕದ ಕಬ್ಬಿಣದ್ದು. ಅದಕ್ಕೆ ಹಿಗ್ಗುವುದು ಗೊತ್ತಿಲ್ಲ, ಸೀಳುವುದು ಮಾತ್ರ ಗೊತ್ತು. ಸೀಳಿದ್ದು ಆಗಲೇ ತಿಳಿಯುವುದೂ ಇಲ್ಲ. ಬಿರುಕನ್ನು ಐಸೇ ಮುಚ್ಚಿಕೊಂಡಿರುತ್ತದೆ. ಬಿಸಿಲು ಬಂದು ಪಂಪ್ ಹಾಕಿದ ದಿನ ಮನೆಯಲ್ಲೇ ಕಾರಂಜಿ.

"ಮೊದಲು ಕರೆಂಟ್ ತೆಗೀರಿ" ಅಂದೆ.

"ಪಂಪ್ ನಿಂತೇ ಇದೆಯಲ್ಲ, ಇನ್ನೇನು ತೆಗೀಬೇಕು?"

ನಿಂತಿದೆ, ನಿಜ. ಆದರೆ ಅದಕ್ಕೆ ಪ್ರೆಶರ್ ಸ್ವಿಚ್ ಇದೆ. ನಲ್ಲಿ ತಿರುಗಿಸಿ ಒತ್ತಡ ಇಳಿದ ಕೂಡಲೇ ತಾನೇ ಓಡುತ್ತದೆ. ನೀರಿಲ್ಲದೆ ಓಡಿದರೆ ಶಾಫ್ಟಿನ ಸೀಲ್ ಕಾದು ಹಾಳಾಗುತ್ತದೆ. ನಾನೇ ಹೋಗಿ ಮೇನ್ ಬೋರ್ಡಿನಲ್ಲಿ ಬ್ರೇಕರ್ ಇಳಿಸಿ ಬಂದೆ.

ಅಷ್ಟರಲ್ಲಿ ಇವರು ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿದ್ದರು. ಒಂದಿಷ್ಟು ನೀರು ತೊಟ್ಟಿಕ್ಕಿ ನಿಂತಿತು. "ನೋಡು, ಖಾಲಿ" ಅಂದರು, ಏನೋ ಗೆದ್ದವರ ದನಿಯಲ್ಲಿ.

"ಮೇಲಿನ ಪ್ಲಗ್?"

"ಅದು ಇರೋದು ನೀರು ಹಾಕೋದಕ್ಕೆ, ತೆಗೆಯೋದಕ್ಕಲ್ಲ."

ಸ್ಟ್ರಾದ ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಒಳಗಿನ ಜ್ಯೂಸ್ ಬೀಳುತ್ತದಾ? ಇಲ್ಲ ಅಲ್ವಾ? ಗಾಳಿ ಒಳಗೆ ಹೋಗಬೇಕು, ಆಮೇಲೆ ನೀರು ಹೊರಗೆ ಬರಬೇಕು. ಇದನ್ನೆಲ್ಲ ವಿವರಿಸುತ್ತಾ ಕೂರುವ ಬದಲು ನಾನೇ ಮೇಲಿನ ಪ್ಲಗ್ ತಿರುಗಿಸಿಬಿಟ್ಟೆ. ಖಾಲಿ ಪಂಪಿನಿಂದ ಬಂದ ನೀರು ಇವರ ಎರಡೂ ಸಾಕ್ಸ್ ತೋಯಿಸಿತು. ಸರಿಯಾಗಿ ಅಲ್ಲೇ ಯಾಕೆ ನಿಂತಿದ್ದರು ಅಂತ ನನ್ನನ್ನು ಕೇಳಬೇಡಿ.

ಇನ್ನು ಹೀರುವ ಪೈಪು. ಅದರ ತುದಿಯಲ್ಲಿ ಫುಟ್‌ವಾಲ್ವ್ ಇದೆ. ನೀರು ಕೆಳಗೆ ಇಳಿಯದ ಹಾಗೆ ತಡೆಯುವುದೇ ಅದರ ಕೆಲಸ. ಪಂಪಿಗೆ ರಜೆ ಕೊಟ್ಟಿರುವುದು ಅದಕ್ಕೇನು ಗೊತ್ತು? ಹಾಗಾಗಿ ಇಡೀ ಪೈಪನ್ನು ಮೇಲೆತ್ತಿ ತಲೆಕೆಳಗು ಮಾಡಬೇಕು. ಇವರು ಅದನ್ನು ಹೆಗಲ ಮೇಲೆ ಹಾಕಿಕೊಂಡರು. ಅಲ್ಲಿಗೆ ಅಂಗಿಯೂ ಸಾಕ್ಸಿನ ದಾರಿ ಹಿಡಿಯಿತು.

ಒದ್ದೆ ಮನುಷ್ಯನಿಗೆ ಬುದ್ಧಿ ಜಾಸ್ತಿ ಓಡುತ್ತದೆ ಅಂತ ಕಾಣುತ್ತದೆ. ಕಾರಿಗೆ ಹಾಕುವ ಕೂಲೆಂಟ್ ಡಬ್ಬ ಹಿಡಿದು ಬಂದರು. "ಇದನ್ನು ಸುರಿದರೆ ಉಳಿದ ನೀರೂ ಹೆಪ್ಪುಗಟ್ಟಲ್ಲ." ಡಬ್ಬ ಕಿತ್ತುಕೊಂಡೆ. ಅದರಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ನೀರಿನ ಪೈಪಿಗೆ ಹಾಕಲೇಬೇಕು ಅಂದರೆ ಪ್ರೊಪಿಲೀನ್ ಗ್ಲೈಕಾಲ್ ಇರುವ ಬೇರೆಯದೇ ಸಿಗುತ್ತದೆ. ನಾವು ಅದನ್ನೂ ಹಾಕಲಿಲ್ಲ. ಪ್ರೆಶರ್ ಸ್ವಿಚ್ಚಿನ ಕಡ್ಡಿಯಷ್ಟು ಸಣ್ಣ ಪೈಪು ಬಿಚ್ಚಿ ಊದಿದೆವು. ಅದರಲ್ಲಿ ಇರುವುದು ಹನಿ ನೀರು, ಆದರೆ ಮೊದಲು ಗಟ್ಟಿಯಾಗುವುದು ಅದೇ.

ಬಿಚ್ಚಿದ ಪ್ಲಗ್‌ಗಳನ್ನು ಇವರು "ಜೋಪಾನವಾದ ಜಾಗ"ದಲ್ಲಿ ಇಡಲು ಹೊರಟರು. ಆ ಜಾಗ ಎಲ್ಲಿದೆ ಅಂತ ಅವರಿಗೂ ಗೊತ್ತಿಲ್ಲ. ಹಿಂದೊಮ್ಮೆ ಅಲ್ಲಿಗೆ ಹೋದ ಟೇಪು, ಎರಡು ಬೀಗದ ಕೈ ಇನ್ನೂ ವಾಪಸ್ ಬಂದಿಲ್ಲ. ಸುಮ್ನೆ ಒಂದು ಕವರಿಗೆ ಹಾಕಿ ಪಂಪಿಗೇ ಕಟ್ಟಿದೆ.

ಈಗ ಉಳಿದಿರುವುದು ಗೋಡೆ ಪಕ್ಕದ ಬಾಲ್ ವಾಲ್ವ್ ಒಂದೇ. ಅದನ್ನು ಪೂರ್ತಿ ಮುಚ್ಚಿದರೆ ಒಳಗಿನ ಗುಂಡಿನ ತೂತಿನಲ್ಲಿ ನೀರು ಸಿಕ್ಕಿಕೊಂಡು ವಾಲ್ವೇ ಒಡೆಯಬಹುದು. ಲೈನ್ ಖಾಲಿಯಾದ ಮೇಲೆ ಹಿಡಿಯನ್ನು ಓರೆಯಾಗಿ, ಅರ್ಧ ತೆರೆದು ಬಿಡಬೇಕು. ಇವರಿಗೆ ಅರ್ಧ ಅನ್ನುವುದೇ ಆಗಿ ಬರುವುದಿಲ್ಲ. ಅರ್ಧ ತೆರೆದ ಬಾಗಿಲು, ಅರ್ಧ ಎಳೆದ ಡ್ರಾಯರ್ ಕಂಡರೂ ಕೈ ತಾನಾಗಿ ಹೋಗಿ ಮುಚ್ಚುತ್ತದೆ. ನಾನು ಓರೆ ಮಾಡಿ ಬರುತ್ತೇನೆ. ಇವರು ಆ ಕಡೆ ಹೋದಾಗ ನೇರ ಮಾಡಿ ಬರುತ್ತಾರೆ. ಕೊನೆಗೆ ಹಿಡಿಯನ್ನೇ ಬಿಚ್ಚಿ ತಂದು ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ. ನಿನ್ನೆ ಸಂಜೆಯಿಂದ ಇವರು ಮತ್ತೆ ಸ್ಪ್ಯಾನರ್ ಹುಡುಕುತ್ತಿದ್ದಾರೆ. ಯಾಕೆ ಅಂತ ಕೇಳಿದರೆ ಹೇಳುತ್ತಿಲ್ಲ.